ಪ್ರಸಂಗ ಕೇಳುವ ಮುಖ

ಥಾರ್ನ್‌ಬೆಕ್‌ನ ಹಳೆಯ ಚರ್ಚನ್ನು ಕೆಡವಿದ ದಿನ ಊರಿನ ಗಂಡಸರು ಕಣ್ಣೊರೆಸಿಕೊಂಡರು. ಹೊಸದಾಗಿ ಬಂದಿದ್ದ ಪಾದ್ರಿ ಟ್ಯಾನ್ಸ್ಲಿ ಅದನ್ನು ಭಕ್ತಿ ಎಂದುಕೊಂಡರು. ಭಕ್ತಿಯೂ ಇಲ್ಲ, ಮಣ್ಣೂ ಇಲ್ಲ. ಹಳೆಯ ಚರ್ಚಿನಲ್ಲಿ ಒಂದೊಂದು ಮನೆಯವರಿಗೂ ಒಂದೊಂದು ಮರದ ಗೂಡಿತ್ತು. ಸುತ್ತ ಎದೆಯುದ್ದದ ಹಲಗೆ, ಒಂದು ಬಾಗಿಲು, ಅದಕ್ಕೊಂದು ಚಿಲಕ. ಒಳಗೆ ಸೇರಿ ಚಿಲಕ ಹಾಕಿಕೊಂಡರೆ ಮಕ್ಕಳು ಸೇಬು ಕಡಿಯಬಹುದಿತ್ತು, ಹೆಂಗಸರು ಬಿಗಿಯಾದ ಬೂಟು ಸಡಿಲಿಸಬಹುದಿತ್ತು, ಗಂಡಸರು ಹಲಗೆಯ ಮರೆಯಲ್ಲಿ ತಲೆ ಬಗ್ಗಿಸಿ ಪಾದ್ರಿಗಳ ಪ್ರಸಂಗ ಮುಗಿಯುವವರೆಗೆ ಒಂದು ನಿದ್ದೆ ತೆಗೆಯಬಹುದಿತ್ತು. ಹೊಸ ಚರ್ಚಿನಲ್ಲಿ ಬರೀ ತೆರೆದ ಬೆಂಚುಗಳು ಎಂದು ತಿಳಿದ ಮೇಲೆ ಅಳದೆ ಏನು ಮಾಡಿಯಾರು?

ಆ ನಿದ್ದೆಗಾರರಲ್ಲೆಲ್ಲ ನನ್ನ ಗಂಡ ಸೈಲಸ್ ಗ್ರೈಸನೇ ದೊಡ್ಡವನು. ಗಾಡಿ ಹೊಡೆಯುವ ಕಸುಬು. ವಾರವೆಲ್ಲ ಕಲ್ಲುಗಣಿಗೂ ಪೇಟೆಗೂ ತಿರುಗಿ ಮೈ ನುಗ್ಗಾಗಿರುತ್ತಿತ್ತು. ಆದರೂ ಅವನು ಉಳಿದವರ ಹಾಗೆ ತಲೆ ಬಗ್ಗಿಸಿ ಮಲಗುವವನಲ್ಲ. ಬೆನ್ನು ನೆಟ್ಟಗೆ, ಮುಖ ಪಾದ್ರಿಯ ಕಡೆಗೆ, ಕಣ್ಣು ಅರ್ಧ ಮುಚ್ಚಿ, ಎಡ ಹುಬ್ಬು ಒಂದಿಷ್ಟು ಮೇಲಕ್ಕೆ, ಬಲ ತುಟಿಯಂಚು ಒಳಕ್ಕೆ. ನೋಡಿದವರಿಗೆ ಇವನು ಪ್ರತಿ ಮಾತನ್ನೂ ತೂಗಿ ನೋಡಿ ಒಪ್ಪುತ್ತಿದ್ದಾನೆ ಅನ್ನಿಸಬೇಕು. ಒಳಗೆ ಗಾಢ ನಿದ್ದೆ. ಹಳೆಯ ಪಾದ್ರಿಗಳು ಇಡೀ ಊರಿನಲ್ಲಿ ತಮ್ಮ ಪ್ರಸಂಗ ಕೇಳುವ ಒಬ್ಬನೇ ಮನುಷ್ಯ ಸೈಲಸ್ ಎಂದು ನಂಬಿಯೇ ಸತ್ತರು. ಪ್ರತಿ ಕ್ರಿಸ್ಮಸ್ಸಿಗೂ ನಮ್ಮ ಮನೆಗೆ ಅವರಿಂದ ಒಂದು ಬಾತುಕೋಳಿ ಬರುತ್ತಿತ್ತು.

ಅವನ ಗುಟ್ಟು ಮೊದಮೊದಲು ಗೊತ್ತಿದ್ದವರು ಇಬ್ಬರೇ. ಒಬ್ಬಳು ನಾನು. ಇನ್ನೊಬ್ಬ ಅವನ ತಮ್ಮ ಎಬೆನ್. ಹಳೆಯ ಚರ್ಚಿನಲ್ಲಿ ನಿದ್ದೆ ಮಾಡುವವರನ್ನು ಎಬ್ಬಿಸುವ ಕೆಲಸ ಎಬೆನ್‌ನದು. ಅದಕ್ಕೆಂದೇ ಒಂದು ಉದ್ದನೆಯ ಕೋಲಿತ್ತು. ಒಂದು ತುದಿಗೆ ನರಿಯ ಬಾಲ, ಹೆಂಗಸರ ಕೆನ್ನೆ ಸವರಲು. ಇನ್ನೊಂದು ತುದಿಗೆ ಹಿತ್ತಾಳೆಯ ಗುಂಡು, ಗಂಡಸರ ತಲೆಗೆ. ಎಬೆನ್ ಬೇರೆಯವರ ತಲೆಯನ್ನು ಮೆಲ್ಲಗೆ ಮುಟ್ಟುತ್ತಿದ್ದ, ಅಣ್ಣನ ತಲೆಗೆ ಮಾತ್ರ ಟಣ್ ಅನ್ನುವ ಹಾಗೆ ಕುಟ್ಟುತ್ತಿದ್ದ. ಆ ಸದ್ದಿಗೆ ಸೈಲಸ್ ಬೆಚ್ಚುತ್ತಿರಲಿಲ್ಲ. ಹುಬ್ಬು ಇನ್ನೊಂದಿಷ್ಟು ಏರಿಸಿ, ಪಾದ್ರಿಗಳು ಈಗಷ್ಟೇ ಬಹಳ ದೊಡ್ಡ ಮಾತು ಹೇಳಿದರು ಎಂಬಂತೆ ಗಂಭೀರವಾಗಿ ತಲೆಯಾಡಿಸಿ, "ಆಮೆನ್" ಅನ್ನುತ್ತಿದ್ದ. ಆ ಸದ್ದಿನಿಂದಲೇ ಬರಬರುತ್ತ ಪಾದ್ರಿಗಳನ್ನು ಬಿಟ್ಟು ಊರಿಗೆಲ್ಲ ಗುಟ್ಟು ತಿಳಿಯಿತು. ಆ ಗುಂಡಿನ ಏಟುಗಳಿಗಾಗಿ ನಾನು ಎಬೆನ್‌ನನ್ನು ಇವತ್ತಿಗೂ ಪೂರ್ತಿ ಕ್ಷಮಿಸಿಲ್ಲ.

ಹೊಸ ಚರ್ಚಿನ ಅಡಿಗಲ್ಲು ಇಡುವುದಕ್ಕೆ ಮುಂಚಿನ ಚಳಿಗಾಲದಲ್ಲಿ ಸೈಲಸ್ ಎದೆಗೆ ಜ್ವರ ಹತ್ತಿ ಹೋದ. ಅವನದೊಂದು ಚಿತ್ರ ಕೂಡ ಇರಲಿಲ್ಲ. ಸಂತೆಗೆ ಫೋಟೋ ತೆಗೆಯುವವನು ಬಂದಾಗ, "ಮನೇಲಿ ದಿನಾ ನೋಡೋ ಮುಖಕ್ಕೆ ಇನ್ನೊಂದು ಯಾಕೆ?" ಎಂದು ನನ್ನನ್ನು ಎಳೆದುಕೊಂಡು ಹೋಗಿದ್ದ. ನಮ್ಮ ರಾಣಿಯೂ ವಿಧವೆ, ನಾನೂ ವಿಧವೆ. ಅವರ ಗಂಡ ಊರೂರಿನ ಚೌಕದಲ್ಲಿ ಕಂಚಿನಲ್ಲಿ ನಿಂತಿದ್ದಾರೆ, ಕುದುರೆಯ ಮೇಲೂ ಇದ್ದಾರೆ, ಕುರ್ಚಿಯ ಮೇಲೂ ಇದ್ದಾರೆ. ನನ್ನ ಗಂಡನನ್ನು ನೋಡಬೇಕೆಂದರೆ ನಾನು ಕಣ್ಣು ಮುಚ್ಚಬೇಕು. ಕಣ್ಣು ಮುಚ್ಚಿದರೂ ಬರಬರುತ್ತ ಅವನ ಕೋಟು ಸ್ಪಷ್ಟವಾಗಿ ಕಾಣುತ್ತಿತ್ತು, ಕೋಟಿನ ಮೇಲಿನ ಮುಖ ಮಸುಕಾಗುತ್ತಿತ್ತು. ಇದನ್ನು ಯಾರಿಗೆ ಹೇಳಲಿ? ಹೇಳಲು ನಾಚಿಕೆ, ಹೇಳದೆ ಇರಲು ಹೆದರಿಕೆ.

ಹೊಸ ಚರ್ಚು ಮಾತ್ರ ದಿನದಿನಕ್ಕೆ ಏರುತ್ತಿತ್ತು. ಲಂಡನ್ನಿನಿಂದ ಚೌಕುಳಿ ಷರಾಯಿಯ ವಾಸ್ತುಶಿಲ್ಪಿ ಬಂದು, ಗೋಡೆಗೆ ಒಂದು ಸಾಲು ಕೆಂಪು ಇಟ್ಟಿಗೆ, ಒಂದು ಸಾಲು ಬಿಳಿ ಇಟ್ಟಿಗೆ ಇಡಿಸಿದ. ಕಮ್ಮಾರ ಹಾರ್ಕರ್ ಅದನ್ನು ಕಂಡು, "ಹಂದಿಮಾಂಸದ ಪಟ್ಟೆ ಇದ್ದಂಗೈತೆ. ನೋಡ್ತಾ ಇದ್ರೆ ಹಸಿವಾಗುತ್ತೆ," ಎಂದ. ನೆಲಕ್ಕೆ ಚಿತ್ತಾರದ ಹಂಚು, ವೇದಿಕೆಯ ಮೇಲಿನ ಮಾಡಿಗೆ ನೀಲಿ ಬಣ್ಣ, ನೀಲಿಯ ತುಂಬ ಚಿನ್ನದ ನಕ್ಷತ್ರ. ದೊಡ್ಡ ಕಮಾನಿನ ಮೇಲೆ ಒಂದು ವಾಕ್ಯ ಬರೆಸಿದರು. ಅಕ್ಷರಕ್ಕೆ ಎಷ್ಟು ಬಾಲ, ಎಷ್ಟು ಬಳ್ಳಿ ಅಂದರೆ ಶಾಲೆಯ ಮೇಷ್ಟರಿಗೂ ಓದಲು ಬರಲಿಲ್ಲ. ಅದು "ಎಚ್ಚರವಾಗಿರಿ" ಎಂದು ಪಾದ್ರಿಗಳು ಬಿಡಿಸಿ ಹೇಳಬೇಕಾಯಿತು. ಮೂಗಿಗಿಂತ ಮೂಗುತಿ ಭಾರ ಎಂದು ಊರೆಲ್ಲ ಗೊಣಗಿತು, ಆದರೆ ದಿನಕ್ಕೊಮ್ಮೆ ಹೋಗಿ ಮೂಗುತಿಯನ್ನು ನೋಡಿಕೊಂಡೇ ಬಂದಿತು.

ಕಲ್ಲು ಕೆತ್ತಲು ಬಂದವನು ಲಾವರಕ್. ಯಾರ್ಕಿನ ಕಡೆಯವನು, ಮಾತು ಕಮ್ಮಿ, ಊಟ ಜಾಸ್ತಿ. ನನ್ನ ಮನೆಯ ಮೇಲಿನ ಕೋಣೆಯಲ್ಲಿ ಅವನ ಬಿಡಾರ. ಹೊಸ ಚರ್ಚಿನ ಗೋಡೆಯಲ್ಲಿ, ಮಾಡಿನ ತೊಲೆಗಳು ಬಂದು ಕೂರುವ ಜಾಗದಲ್ಲೆಲ್ಲ ಒಂದೊಂದು ಕಲ್ಲು ಮುಂದಕ್ಕೆ ಚಾಚಿಕೊಂಡಿತ್ತು. ಅವನ್ನೆಲ್ಲ ಒರಟಾಗಿಯೇ ಗೋಡೆಗೆ ಕೂರಿಸಿದ್ದರು. ಮಾಡು ಏರಿದ ಮೇಲೆ ಸಾರುವೆ ಹತ್ತಿ, ಕಲ್ಲು ಇದ್ದಲ್ಲೇ ಅದಕ್ಕೊಂದು ತಲೆ ಕೆತ್ತುವುದು ಲಾವರಕ್‌ನ ಕೆಲಸ. ಅಲ್ಲಿ ಪ್ರವಾದಿಗಳು ಇರಬೇಕೆಂದು ಪಾದ್ರಿ ಟ್ಯಾನ್ಸ್ಲಿಯ ಆಸೆ.

"ಇಲ್ಲಿ ಯೆಶಾಯ, ಅಲ್ಲಿ ಯೆರೆಮೀಯ, ಆ ಕಡೆ ದಾನಿಯೇಲ," ಎಂದು ಅವರು ಬೆರಳು ತೋರಿಸಿದರು. ನಾನು ಲಾವರಕ್‌ಗೆ ಬುತ್ತಿ ತಂದವಳು ಅಲ್ಲೇ ನಿಂತಿದ್ದೆ.

"ನಾನು ಅವರನ್ನ ನೋಡಿಲ್ಲ ಸ್ವಾಮಿ," ಎಂದ ಲಾವರಕ್.

"ನೋಡಿರೋರು ಯಾರಪ್ಪ ಇದಾರೆ?"

"ಅದನ್ನೇ ಹೇಳ್ತಿರೋದು. ಕಣ್ಣಲ್ಲಿ ಕಾಣದೇ ಇರೋದನ್ನ ನನ್ನ ಉಳಿ ಕೆತ್ತಲ್ಲ. ನಮ್ಮಪ್ಪಂದೂ ಇದೇ ಪದ್ಧತಿ. ಊರೋರ ಮುಖ ಕೊಡಿ, ಕೆತ್ತಿ ಕೊಡ್ತೀನಿ. ನಿಮಗೆ ಬೇಕಾದ್ರೆ ಒಂದೆರಡಕ್ಕೆ ಗಡ್ಡ ಸೇರಿಸ್ತೀನಿ, ಅವರೇ ಯೆಶಾಯ ಅಂದ್ಕೊಳ್ಳಿ."

ಪಾದ್ರಿಗಳು ಲಂಡನ್ನಿಗೆ ಕೇಳಿ ಬರೆದರು. ಚೌಕುಳಿ ಷರಾಯಿಯವನು, ಹಿಂದಿನ ಕಾಲದಲ್ಲೂ ಹಾಗೇ ಮಾಡುತ್ತಿದ್ದರು, ಅದೇ ಚಂದ ಎಂದು ಒಪ್ಪಿಬಿಟ್ಟ.

ಆಮೇಲೆ ನೋಡಬೇಕಿತ್ತು ನಮ್ಮೂರನ್ನು. ಒಳ್ಳೆಯವರ ಮುಖ ಒಳಗೆ ಗೋಡೆಗೆ, ಕೆಟ್ಟವರ ಮುಖ ಹೊರಗೆ ಮಾಡಿನ ನೀರು ಉಗುಳುವ ಕೊಳವೆಗೆ ಎಂದು ಯಾರೋ ಸುದ್ದಿ ಹಬ್ಬಿಸಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವರು ಒಬ್ಬಿಬ್ಬರಲ್ಲ. ಬ್ರೆಡ್ಡು ಮಾರುವವನ ಬ್ರೆಡ್ಡು ಇದ್ದಕ್ಕಿದ್ದಂತೆ ದಪ್ಪವಾಯಿತು. ಹಾಲಿನವಳ ಹಾಲಿನಲ್ಲಿ ಕೆನೆ ಕಟ್ಟತೊಡಗಿತು. ಹಾರ್ಕರ್ ಕುದುರೆಗಳನ್ನು ಬಯ್ಯುವುದನ್ನೂ ಬಿಟ್ಟ. ಪಾಪ, ಕುದುರೆಗಳೇ ಗಾಬರಿಯಾದವು. ಎಲ್ಲರೂ ಸಾರುವೆಯ ಕೆಳಗೆ ಸುಮ್ಮನೆ ಅಡ್ಡಾಡುವವರೇ, ತಲೆಯನ್ನು ತಮಗೆ ಚಂದವೆಂದು ತೋರಿದ ಕಡೆಗೆ ತಿರುಗಿಸಿ ನಿಲ್ಲುವವರೇ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ನಮ್ಮೂರಲ್ಲಿ ಹೆಗ್ಗಣಕ್ಕೂ ಹೆಗ್ಗಣವೇ ಮುದ್ದು. ಎಬೆನ್ ಈಗ ಚರ್ಚಿನ ಮೇಲ್ವಿಚಾರಕನಾಗಿದ್ದ. ಕೋಲು ಹಳೆಯ ಚರ್ಚಿನ ಜೊತೆಗೇ ಹೋಗಿತ್ತು, ಗತ್ತು ಉಳಿದಿತ್ತು. ತನ್ನ ತಲೆ ಗೋಡೆಗೆ ಏರುವುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ.

ಒಂದು ಸಂಜೆ ಬಟಾಣಿ ಸೂಪು ಬಡಿಸುತ್ತ ನಾನು ಬಾಯಿ ಬಿಟ್ಟು ಕೇಳಿದೆ.

"ಲಾವರಕ್, ನನ್ನ ಗಂಡನ ಮುಖ ಒಂದು ಕೆತ್ತಿಕೊಡಿ."

"ಎಲ್ಲಿದಾರೆ?"

"ಚರ್ಚಿನ ಹಿತ್ತಲಲ್ಲಿ, ಮಣ್ಣಡಿ."

ಅವನು ಚಮಚ ಕೆಳಗಿಟ್ಟ. "ನೋಡಿಲ್ವಲ್ಲ ಮಿಸೆಸ್ ಗ್ರೈಸ್. ಪಾದ್ರಿಗಳಿಗೆ ಇಲ್ಲ ಅಂದಿದ್ದನ್ನ ನಿಮಗೆ ಹೂಂ ಅನ್ನೋಕಾಗುತ್ತಾ?"

"ನಾನು ನೋಡಿದೀನಲ್ಲ, ಹೇಳ್ತೀನಿ. ಊಟಕ್ಕೆ ಕೂತ್ರೆ ಒಂದು ದಿನ ಬಾಯಿ ಬಿಟ್ಟು ಉಪ್ಪು ಕಮ್ಮಿ ಅಂದೋನಲ್ಲ. ಹೀಗೆ," ಎಂದು ನಾನು ಒಂದು ಚಮಚ ಸೂಪು ಬಾಯಿಗಿಟ್ಟುಕೊಂಡು, ಹುಬ್ಬು ಏರಿಸಿ, ಕಿಟಕಿಯ ಆಚೆ ಯಾವುದೋ ದೂರದ ದುಃಖವನ್ನು ನೋಡುವಂತೆ ನೋಡಿದೆ. "ಅಷ್ಟೇ. ನಾನೆದ್ದು ಉಪ್ಪು ತರಬೇಕು."

ಲಾವರಕ್ ಪಕಪಕ ನಕ್ಕ. ಅವನು ನಕ್ಕಿದ್ದನ್ನು ನಾನು ಅದೇ ಮೊದಲು ನೋಡಿದ್ದು. "ಉಪ್ಪು ಕಮ್ಮಿ ಇರೋದಂತೂ ನಿಜ," ಎಂದ.

ಅವನು ಒಲ್ಲೆ ಎಂದರೆ ನಾನು ಬಿಡುವವಳೇ? ಬದುಕಿರುವವರನ್ನೇ ನೋಡಬೇಕೆಂದರೆ ಸೈಲಸ್‌ನ ರಕ್ತ ಹಂಚಿಕೊಂಡವರು ಊರಲ್ಲಿ ಇದ್ದರಲ್ಲ. ಕಿವಿ, ಹಣೆ ಅಚ್ಚು ಎಬೆನ್‌ನದೇ. ಮೂಗು ಅವರ ಸೋದರತ್ತೆ ಜೆಮೈಮಾಳದು. ಒಬ್ಬೊಬ್ಬರಿಂದ ಒಂದೊಂದು ತಂದು ಜೋಡಿಸಿದರೆ ಗಂಡ ಸಿಗುತ್ತಾನೆ ಎಂದು ನನ್ನ ಲೆಕ್ಕ. ಲಾವರಕ್ ತಲೆ ಕೆರೆದುಕೊಂಡ. "ಮೂಗು ಕಿವಿ ಕಾಣ್ಸೋದಾದ್ರೆ ಜೇಡಿಮಣ್ಣಲ್ಲಿ ಮಾಡಿ ನೋಡೋಣ. ಮಣ್ಣಲ್ಲಿ ಬಂದ್ರೆ ಕಲ್ಲಲ್ಲಿ. ಒಂದು ಕಲ್ಲು ಕೊನೇತನಕ ಖಾಲಿ ಇಟ್ಟಿರ್ತೀನಿ," ಎಂದ.

ಎಬೆನ್‌ಗೆ ನಿಜ ಹೇಳಿದ್ದರೆ ಕಿವಿ ಕೊಡುತ್ತಿರಲಿಲ್ಲ. ಅದಕ್ಕೆ, "ಲಾವರಕ್ ನಿನ್ನ ತಲೆ ನೋಡಬೇಕಂತೆ," ಎಂದಷ್ಟೇ ಹೇಳಿದೆ. ಅದರಲ್ಲಿ ಸುಳ್ಳೇನಿದೆ? ಅವನು ತಲೆಗೆ ಎಣ್ಣೆ ಹಚ್ಚಿಕೊಂಡು ಬಂದು ನನ್ನ ಅಡುಗೆಮನೆಯ ಕುರ್ಚಿಯಲ್ಲಿ ಸಿಂಹಾಸನದಲ್ಲಿ ಕೂತವನಂತೆ ಕೂತ.

"ಅತ್ತಿಗೆ, ನನ್ನ ಗಲ್ಲ ಸ್ವಲ್ಪ ಮುಂದಕ್ಕೆ ಬರೋ ಹಾಗೆ ಕೂರಲಾ?"

"ಗಲ್ಲ ಬೇಕಾಗಿಲ್ಲ," ಎಂದ ಲಾವರಕ್, "ಕಿವಿ ತೋರ್ಸಿ."

"ಬರೀ ಕಿವೀನಾ?"

"ಕಿವಿಯಿಂದ್ಲೇ ಶುರು ಮಾಡೋದು," ಎಂದೆ ನಾನು.

ಜೆಮೈಮಾ ಅತ್ತೆಯದು ಇನ್ನೊಂದು ಪಾಡು. ಅವಳಿಗೆ ಕಿವಿ ಮಂದ, ಬಾಯಿ ಚುರುಕು. ಹುಟ್ಟಿದಾಗಿನಿಂದ ಆಡಂಬರ ಒಲ್ಲದ ಮೆಥಡಿಸ್ಟ್ ಪಂಗಡದ ಪ್ರಾರ್ಥನಾ ಮನೆಗೆ ಹೋಗುವವಳು, ನಮ್ಮ ಚರ್ಚಿನ ಹೊಸ್ತಿಲು ತುಳಿದವಳಲ್ಲ. ವಿಷಯ ಅವಳ ಕಿವಿಗೆ ಕಿರುಚಿ ಹೇಳಿದಾಗ ಎರಡೂ ಕೈಯಿಂದ ಮೂಗು ಮುಚ್ಚಿಕೊಂಡಳು.

"ನನ್ನ ಮೂಗು ಮೆಥಡಿಸ್ಟ್ ಮೂಗು ಕಣೇ ತಬಿತಾ. ಇದನ್ನ ಆ ಬಣ್ಣಬಣ್ಣದ ಗೊಂಬೆ ಮನೇಲಿ ನೇತುಹಾಕ್ತೀಯಾ? ನಾಳೆ ಸತ್ತು ಮೇಲೆ ಹೋದ್ರೆ ಏನಂತ ಹೇಳ್ಲಿ?"

"ಸೈಲಸ್‌ಗೋಸ್ಕರ ಅತ್ತೆ."

ಅವಳು ಮೂಗಿನಿಂದ ಕೈ ತೆಗೆದಳು. "ಸೈಲಸ್‌ಗಾದ್ರೆ ಸರಿ. ಮೀಸೆ ಮಾತ್ರ ಅವಂದೇ ಹಾಕ್ಸು, ನಂದಲ್ಲ."

ಜೇಡಿಮಣ್ಣಿನ ತಲೆ ನನ್ನ ಊಟದ ಮೇಜಿನ ಮೇಲೆ, ಬ್ರೆಡ್ಡಿನ ಹಲಗೆಯ ಪಕ್ಕದಲ್ಲಿ ಬೆಳೆಯಿತು. ಕೆಲಸದಿಂದ ಬಂದ ಮೇಲೆ ಲಾವರಕ್ ಅದಕ್ಕೆ ಬೆರಳಾಡಿಸುವುದು, ನಾನು ತಪ್ಪು ಹೇಳುವುದು. ತುಟಿ ತೆಳ್ಳಗೆ. ಇನ್ನೂ ತೆಳ್ಳಗೆ. ಅಯ್ಯೋ ಅಷ್ಟಲ್ಲ. ಕೆನ್ನೆ ಒಳಕ್ಕೆ ಹೋಗಲಿ, ಹಲ್ಲು ಬಿದ್ದಿತ್ತು. ಕಿವಿ ಸರಿ, ಮೂಗು ಸರಿ, ಹಣೆ ಸರಿ, ಮೀಸೆಯೂ ಸರಿ. ಎಲ್ಲ ಸರಿಯಿದ್ದ ಆ ತಲೆ ನನ್ನ ಅಡುಗೆಮನೆಯಲ್ಲಿ ಕೂತು, ಬಾಕಿ ವಸೂಲಿಗೆ ಬಂದ ಅಪರಿಚಿತನ ಹಾಗೆ ನನ್ನನ್ನು ನೋಡುತ್ತಿತ್ತು. ಇನ್ನೊಂದಿಷ್ಟು ತಿದ್ದಿದರೆ ಬಂದಾನು, ಇನ್ನೊಂದಿಷ್ಟು ತಿದ್ದಿದರೆ ಬಂದಾನು ಎಂದು ನಾನು ಕಾದೆ.

ಒಂದು ಬೆಳಗ್ಗೆ ಒಲೆ ಹೊತ್ತಿಸುತ್ತ ಎಂದಿನಂತೆ ಸೈಲಸ್‌ನನ್ನು ನೆನೆಸಿಕೊಂಡೆ. ಬಂದದ್ದು ಮಣ್ಣಿನ ಮುಖ. ಕಣ್ಣು ಬಿಗಿಯಾಗಿ ಮುಚ್ಚಿ ಮತ್ತೆ ಪ್ರಯತ್ನಿಸಿದೆ. ಮತ್ತೆ ಅದೇ. ಅವನ ಕೋಟಿನ ಮೇಲೆ, ಕುತ್ತಿಗೆಯ ಕರವಸ್ತ್ರದ ಮೇಲೆ ಆ ವಸೂಲಿಯವನು ಬಂದು ಕೂತುಬಿಟ್ಟಿದ್ದ. ಮಸುಕಾಗಿಯಾದರೂ ನನ್ನದೊಂದು ಇತ್ತಲ್ಲ, ಅದನ್ನೂ ನಾನೇ ಕೈಯಾರೆ ಕಳೆದುಕೊಂಡೆನಲ್ಲ ಎಂದು ಒಲೆಯ ಮುಂದೆ ಕೂತು ಅತ್ತೆ. ಅವನು ಸತ್ತ ದಿನ ಹಾಗೆ ಅತ್ತಿರಲಿಲ್ಲ.

ಸಂಜೆ ಲಾವರಕ್ ಬರುವ ಹೊತ್ತಿಗೆ ಮಣ್ಣಿನ ತಲೆಯನ್ನು ಗುದ್ದಿ ಗುದ್ದಿ ಮುದ್ದೆ ಮಾಡಿದ್ದೆ. ಅವನು ಮುದ್ದೆಯನ್ನು ನೋಡಿದ, ನನ್ನನ್ನು ನೋಡಿದ, ಬೂಟು ಬಿಚ್ಚಿ ಊಟಕ್ಕೆ ಕೂತ.

"ಏನು ತಪ್ಪಾಯ್ತು?"

"ಏನೂ ತಪ್ಪಾಗ್ಲಿಲ್ಲ. ನಿಮ್ಮ ಖಾಲಿ ಕಲ್ಲಿಗೆ ಎಬೆನ್‌ನ ಹಾಕ್ಕೊಳ್ಳಿ. ಅವನು ಆಗಲೇ ಹೊಸ ಕೋಟು ಹೊಲಿಸ್ತಿದಾನೆ."

"ಮೂಗು ಕಿವಿ ಎಲ್ಲ ಅವರ ಮನೇದೇ ಇತ್ತಲ್ಲ."

"ಮೂಗು ಕಿವಿ ಇದ್ರೆ ಸಾಕೇನ್ರೀ? ಅದು ಎಚ್ಚರವಾಗಿತ್ತು. ನನ್ನ ಗಂಡ ಚರ್ಚಲ್ಲಿ ಒಂದು ದಿನಾನೂ ಎಚ್ಚರವಾಗಿರ್ಲಿಲ್ಲ."

"ಮತ್ತೆ ಹೇಗಿರ್ತಿದ್ರು?"

ನನಗೆ ರೇಗಿತ್ತು. ಅವನ ಎದುರಿನ ಕುರ್ಚಿ ಎಳೆದು ಕೂತೆ. ಬೆನ್ನು ನೆಟ್ಟಗೆ ಮಾಡಿದೆ, ಕಣ್ಣು ಅರ್ಧ ಮುಚ್ಚಿದೆ, ಹುಬ್ಬು ಏರಿಸಿದೆ, ತುಟಿಯಂಚು ಒಳಕ್ಕೆ ಎಳೆದೆ. "ಹೀಗೆ. ಸಾಕಾ?"

ಲಾವರಕ್ ಬಾಯಲ್ಲಿದ್ದ ತುತ್ತನ್ನು ಅಗಿಯುವುದನ್ನೇ ನಿಲ್ಲಿಸಿದ. "ಇನ್ನೊಂದ್ ಸಲ ಮಾಡಿ. ತಮ್ಮನ ಕೋಲು ಬಿದ್ದಾಗ ಏನ್ ಮಾಡ್ತಿದ್ರು?"

ಅದನ್ನೂ ಮಾಡಿದೆ. ಹುಬ್ಬು ಇನ್ನೊಂದಿಷ್ಟು, ಗಂಭೀರವಾಗಿ ತಲೆಯಾಡಿಸಿ, "ಆಮೆನ್." ಅವನು ನಗುತ್ತಾನೆ ಅಂದುಕೊಂಡಿದ್ದೆ, ನಗಲಿಲ್ಲ. ಬಹಳ ಹೊತ್ತು ನೋಡಿದ. ಆಮೇಲೆ ತಟ್ಟೆಯನ್ನು ಬ್ರೆಡ್ಡಿನಿಂದ ಸವರಿ ತಿಂದು, ಪುಡಿಂಗ್ ಉಳಿದಿದೆಯೇ ಎಂದು ಕೇಳಿದ. ನನ್ನ ಸಂಕಟ ಇವನಿಗೆ ಊಟದ ಜೊತೆಯ ತಮಾಷೆ ಎಂದು ನನಗೆ ಎಷ್ಟು ಸಿಟ್ಟು ಬಂತೆಂದರೆ, ಪುಡಿಂಗ್ ಇದ್ದರೂ ಇಲ್ಲ ಎಂದೆ.

ಆಮೇಲೆ ನಾನು ಹೊಸ ಚರ್ಚಿನ ಕಡೆ ತಲೆ ಹಾಕಲಿಲ್ಲ. ಕೊನೆಯ ಕಲ್ಲಿಗೆ ಗೋಣಿತಟ್ಟು ಇಳಿಬಿಟ್ಟು ಒಳಗೆ ಕೆತ್ತುತ್ತಿದ್ದಾನೆ, ಯಾರನ್ನೂ ಮೇಲೆ ಬಿಡುತ್ತಿಲ್ಲ ಎಂದು ಹಾರ್ಕರ್ ಹೇಳಿದ. ಎಬೆನ್ ದಿನಾ ಕೆಳಗೆ ನಿಂತು, "ಕಿವಿ ಮುಗೀತಾ? ಗಲ್ಲಕ್ಕೆ ಬಂದ್ರಾ?" ಎಂದು ಕೂಗಿ ಕೇಳುತ್ತಿದ್ದನಂತೆ. ಮೇಲಿನಿಂದ ಕಲ್ಲಿನ ಪುಡಿ ಬಿಟ್ಟು ಬೇರೆ ಉತ್ತರ ಬರುತ್ತಿರಲಿಲ್ಲವಂತೆ.

ಚರ್ಚನ್ನು ಪ್ರತಿಷ್ಠೆ ಮಾಡಲು ಬಿಷಪ್ಪರು ಬಂದ ದಿನ ಮಾತ್ರ ಹೋಗದೆ ವಿಧಿಯಿರಲಿಲ್ಲ. ಬೆಳಗಿನ ಬಿಸಿಲು ಬಣ್ಣದ ಗಾಜಿನಿಂದ ಇಳಿದು, ಬ್ರೆಡ್ಡಿನವನ ಹೆಂಡತಿಯ ಮೂಗನ್ನು ಹಸಿರು ಮಾಡಿತ್ತು. ಶಾಲೆಯ ಮೇಷ್ಟರ ಬೋಳುತಲೆ ನೇರಳೆ. ಎಬೆನ್ ಹೊಸ ಕೋಟು ತೊಟ್ಟು, ಆ ಕೊನೆಯ ಕಲ್ಲಿನ ಸರಿಯಾಗಿ ಕೆಳಗೆ, ನೋಡುವವರಿಗೆ ಕೆಳಗಿನ ಮುಖವೂ ಮೇಲಿನ ಮುಖವೂ ಒಟ್ಟಿಗೆ ಸಿಗಲಿ ಎಂದು ಕೂತಿದ್ದ. ಕತ್ತು ಎತ್ತಿ ಮೇಲೆ ನೋಡಲು ಅವನ ಗತ್ತು ಬಿಡಲಿಲ್ಲ. ನಾನು ಎದುರು ಸಾಲಿನ ಬೆಂಚಿನಲ್ಲಿ ಕೂತೆ. ಗೋಣಿತಟ್ಟು ತೆಗೆದಿದ್ದರು. ನಾನೂ ತಲೆ ಎತ್ತಲಿಲ್ಲ. ಎಬೆನ್‌ನನ್ನು ಒಂದು ಕಡೆ ನೋಡುವುದೇ ನನಗೆ ಸಾಕಾಗಿತ್ತು.

ಬಿಷಪ್ಪರು ಎಚ್ಚರವಾಗಿರುವ ಬಗ್ಗೆ ಪ್ರಸಂಗ ಮಾಡಿದರು. ಕಮಾನಿನ ಮೇಲಿನ ವಾಕ್ಯ ಅವರಿಗಾದರೂ ಓದಲು ಬಂತಲ್ಲ ಎಂದುಕೊಂಡೆ. ಪ್ರಸಂಗ ಉದ್ದವಾಯಿತು. ತೆರೆದ ಬೆಂಚಿನಲ್ಲಿ ಗಂಡಸರು ಕಣ್ಣು ಬಿಟ್ಟುಕೊಂಡಿರಲು ಪಡುವ ಪಾಡು ನೋಡಲಾಗುತ್ತಿರಲಿಲ್ಲ. ಅಷ್ಟರಲ್ಲಿ ನನ್ನ ಮುಂದಿನ ಬೆಂಚಿನಲ್ಲಿ ಹಾರ್ಕರ್‌ನ ಹೆಗಲು ಕುಲುಕತೊಡಗಿತು. ಅವನ ಪಕ್ಕದವನು ಅವನನ್ನು ತಿವಿದು, ಮೇಲೆ ನೋಡಿ, ತಾನೂ ಕುಲುಕತೊಡಗಿದ. ಬ್ರೆಡ್ಡಿನವನ ಹೆಂಡತಿ ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡಳು. ಹಲಗೆ ಗೂಡು ಇದ್ದಿದ್ದರೆ ಎಲ್ಲರೂ ಬಗ್ಗಿ ನಕ್ಕು ಏಳುತ್ತಿದ್ದರು. ಇಲ್ಲಿ ಮರೆಯೆಲ್ಲಿದೆ?

ಬಿಷಪ್ಪರ ಕಣ್ಣಿಗೆ ಈ ಕುಲುಕಾಟ ಬಿತ್ತು. ಅವರು ಮುಖ ಗಂಟಿಕ್ಕಿದರು. ಊರಿನವರ ಕಣ್ಣು ಹೋದ ಕಡೆಗೆ ತಾವೂ ನೋಡಿದರು, ನೋಡಿದವರ ಮುಖ ಅರಳಿತು.

"ನೀವೆಲ್ಲ ಮೈ ಕುಲುಕಿಸ್ತಾ ಕೂತಿದೀರಿ," ಎಂದರು ಅವರು, ಕೈ ಎತ್ತಿ ತೋರಿಸುತ್ತ. "ಆ ಕಲ್ಲಿನ ಮುಖ ನೋಡಿ ಕಲೀರಿ. ಈ ಇಡೀ ಸಭೇಲಿ ದೇವರ ಮಾತನ್ನ ಮನಸ್ಸಿಟ್ಟು ಕೇಳ್ತಿರೋನು ಅವನೊಬ್ಬನೇ."

ನಾನು ತಲೆ ಎತ್ತಿದೆ.

ಸೈಲಸ್ ನಿದ್ದೆ ಮಾಡುತ್ತಿದ್ದ. ಹಿಂದಲೆ ಗೋಡೆಗೆ, ಮುಖ ಬಿಷಪ್ಪರ ಕಡೆಗೆ, ಕಣ್ಣು ಅರ್ಧ ಮುಚ್ಚಿ. ಎಡ ಹುಬ್ಬು ಎಷ್ಟು ಏರಬೇಕೋ ಅಷ್ಟು, ಬಲ ತುಟಿಯಂಚು ಒಳಕ್ಕೆ. ಮಾಡಿನ ದೊಡ್ಡ ತೊಲೆ ಅವನ ನೆತ್ತಿಯ ಮೇಲೆ ಕೂತಿತ್ತು, ಅದಕ್ಕೂ ಅವನು ಎಚ್ಚರಗೊಂಡಿರಲಿಲ್ಲ. ನನ್ನ ಗಂಡ. ಮಣ್ಣಿನ ವಸೂಲಿಯವನು ಎಲ್ಲಿ ಹೋದನೋ, ನನ್ನ ಗಂಡ ಬಂದಿದ್ದ. ನನಗೆ ನಗು ಬಂತು, ನಗು ಗಂಟಲಿಗೆ ಬರುವಷ್ಟರಲ್ಲಿ ಅಳುವಾಯಿತು. ನಾನು ಎರಡನ್ನೂ ತಡೆಯಲಿಲ್ಲ. ತಡೆಯುವ ಶಕ್ತಿಯೂ ಇರಲಿಲ್ಲ.

ಆಗ ಎಬೆನ್ ತಡೆಯಲಾರದೆ ಕತ್ತು ಎತ್ತಿ ನೋಡಿದ. ಅವನ ಬಲಗೈ ತಾನಾಗಿ ಮೇಲೆದ್ದಿತು, ಮುಷ್ಟಿ ಕಟ್ಟಿತು, ಇಲ್ಲದ ಕೋಲನ್ನು ಹಿಡಿದು ಅಣ್ಣನ ತಲೆಯ ಕಡೆಗೆ ಹೊರಟಿತು. ಅರ್ಧ ದಾರಿಯಲ್ಲಿ ಅದು ನಿಂತಿತು. ಆಮೇಲೆ ಅವನು ಅದೇ ಕೈಯಿಂದ ಮುಖ ಮುಚ್ಚಿಕೊಂಡ. ಹೊಸ ಕೋಟಿನ ಹೆಗಲು ಬಹಳ ಹೊತ್ತು ಅಲುಗುತ್ತಿತ್ತು, ಅದು ನಗುವಲ್ಲ ಎಂದು ನನಗೆ ಗೊತ್ತಾಯಿತು.

ಹೊರಗೆ ಬಂದ ಮೇಲೆ ಅವನು ನನ್ನ ಹತ್ತಿರ ನಿಂತು ಮೂಗು ಸೀಟಿಕೊಂಡ. ಬಯ್ಯುತ್ತಾನೆ ಅಂದುಕೊಂಡೆ.

"ಕೋಲು ಕೈಲಿದ್ದಿದ್ರೆ ಕುಟ್ಟೇಬಿಡ್ತಿದ್ದೆ ಅತ್ತಿಗೆ."

"ಕುಟ್ಟಿದ್ರೆ ನಿನ್ನ ಕೈ ಮುರೀತಿದ್ದೆ."

"ಕಿವಿ ಮಾತ್ರ ನಂದು. ನೋಡಿದ್ಯಾ? ಏನ್ ಕಿವಿ," ಎಂದು ಹೆಮ್ಮೆಯಿಂದ ಹೇಳಿ ಹೋದ. ಇವತ್ತಿಗೂ ಹೊಸಬರು ಬಂದರೆ ಅವರನ್ನು ಕರೆದುಕೊಂಡು ಹೋಗಿ ತನ್ನ ಕಿವಿ ತೋರಿಸುತ್ತಾನೆ. ಜೆಮೈಮಾ ಅತ್ತೆಯೂ ಒಂದು ವಾರದ ದಿನ, ಪಾದ್ರಿಗಳು ಊರಲ್ಲಿಲ್ಲದಾಗ, ಚರ್ಚಿ‌ನೊಳಗೆ ಕಾಲಿಟ್ಟು ತನ್ನ ಮೂಗನ್ನು ನೋಡಿ ಬಂದಳು. ಗೋಡೆಯ ಬಣ್ಣ ಅತಿಯಾಯಿತು, ಮೂಗು ಪರವಾಗಿಲ್ಲ ಎಂದಳು.

ಮರುದಿನ ಲಾವರಕ್ ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿ ಹೊರಡಲು ಸಿದ್ಧನಾದ. ಅಂದು ಇಲ್ಲ ಎಂದು ಬಚ್ಚಿಟ್ಟಿದ್ದಕ್ಕೆ ಪ್ರಾಯಶ್ಚಿತ್ತವೆಂದು ಒಂದು ಇಡೀ ಪುಡಿಂಗ್ ಮಾಡಿ ಅವನ ಮುಂದಿಟ್ಟೆ.

"ನೋಡದೇ ಇರೋದನ್ನ ಕೆತ್ತಲ್ಲ ಅಂದಿದ್ರಿ," ಎಂದೆ.

"ಹೌದು, ಕೆತ್ತಲ್ಲ."

"ಮತ್ತೆ ಅವನನ್ನ ಎಲ್ಲಿ ನೋಡಿದ್ರಿ?"

"ಇಲ್ಲೇ," ಎಂದು ಅವನು ಚಮಚದಿಂದ ನನ್ನ ಕುರ್ಚಿಯನ್ನು ತೋರಿಸಿದ. "ಮೂಗು ಕಿವಿ ಅವರಿವರ ಹತ್ರ ಕಡ ತಂದಿದ್ದು. ಮುಖ ನಿಮ್ಮ ಮುಖದ ಮೇಲೆ ನೋಡಿದ್ದು. ಉಪ್ಪು ಕಮ್ಮಿ ಅಂತ ತೋರಿಸಿದಾಗ ಒಂದ್ಸಲ, ನಿದ್ದೆ ಮಾಡಿ ತೋರಿಸಿದಾಗ ಒಂದ್ಸಲ. ನೀವು ಎದ್ದುಹೋಗಿಬಿಡ್ತಿದ್ರಿ ಮಿಸೆಸ್ ಗ್ರೈಸ್, ಅವರು ಬಂದು ಕೂರ್ತಿದ್ರು. ಅಷ್ಟು ವರ್ಷ ಎದುರುಬದುರು ಕೂತು ಉಂಡಿದೀರಿ, ಎಲ್ಲಿಗೆ ಹೋಗ್ತಾರೆ?"

ನಾನು ಪುಡಿಂಗಿನ ತಟ್ಟೆಯನ್ನು ಅವನ ಕಡೆಗೆ ಇನ್ನಷ್ಟು ಸರಿಸಿದೆ. ಅವನು ಪುಡಿಂಗ್ ಮುಗಿಸಿ, ಟೋಪಿ ತೊಟ್ಟು, ಗಾಡಿ ಹತ್ತಿದ.

ಗಾಡಿಯ ಸದ್ದು ಸೇತುವೆ ದಾಟಿದ ಮೇಲೆ ನಾನು ಹಿತ್ತಲ ಬಾಗಿಲ ಬಳಿ ಹೋದೆ. ಸೈಲಸ್ ಗಡ್ಡ ಹೆರೆಯುತ್ತಿದ್ದ ಪುಟ್ಟ ಕನ್ನಡಿ ಇನ್ನೂ ಅಲ್ಲೇ ಮೊಳೆಗೆ ತೂಗುತ್ತಿತ್ತು. ಏಪ್ರನ್ನಿನ ಅಂಚಿನಿಂದ ಅದರ ಧೂಳು ಒರೆಸಿ, ಬೆನ್ನು ನೆಟ್ಟಗೆ ಮಾಡಿ, ಹುಬ್ಬು ಏರಿಸಿದೆ. ಮೂಗು ನನ್ನದು, ನೆರೆತ ಕೂದಲು ನನ್ನದು, ಕೆನ್ನೆಯ ಮಚ್ಚೆಯೂ ನನ್ನದೇ. ಆದರೂ ಆ ಗಾಜಿನಿಂದ ನನ್ನನ್ನು ನೋಡುತ್ತಿದ್ದವನು ಅವನು. ಮುಖ ಮರೆತುಹೋಯಿತೆಂದು ಊರೆಲ್ಲ ಅಲೆದು ಮೂಗು ಕಿವಿ ಬೇಡಿದೆನಲ್ಲ, ಅವನು ಮನೆ ಬಿಟ್ಟು ಹೋಗಿರಲೇ ಇಲ್ಲ.

ಒಲೆಯ ಮೇಲೆ ಸೂಪು ಕುದಿಯುತ್ತಿತ್ತು. ಹೋಗಿ ಒಂದು ಚಮಚ ಬಾಯಿಗಿಟ್ಟುಕೊಂಡೆ. ನನ್ನ ಎಡ ಹುಬ್ಬು ತಾನಾಗಿ ಮೇಲಕ್ಕೆ ಹೋಯಿತು. "ಆಯ್ತು ಮಾರಾಯ, ತರ್ತೀನಿ," ಎಂದು ನಾನು ಉಪ್ಪು ತಂದು ಹಾಕಿದೆ.